ಅಮ್ಮನ ಕಿರಿ ಮಗ ಮನೆಗೆ ಬಂದ, ನನಗೆ ಯಾಕೆ ಖುಷಿಯಾಗಲಿಲ್ಲ?

ಪ್ರಶ್ನೆ: ನಾನು ಹೊನ್ನಾವರದ ಕಡೆಯವನು. ಬೋಟಿನ ಕೆಲಸ. ಒಂಬತ್ತು ವರ್ಷದ ಹಿಂದೆ ಅಮ್ಮನ ಕಿರಿ ಮಗ ಜಗಳ ಮಾಡಿ, ಬೋಟಿನಲ್ಲಿ ತನ್ನ ಪಾಲಿನ ದುಡ್ಡು ತೆಗೆದುಕೊಂಡು ಗೋವಾಕ್ಕೆ ಹೋದ. ಆಮೇಲೆ ಒಂದು ಫೋನೂ ಇಲ್ಲ. ಅಪ್ಪ ತೀರಿಕೊಂಡಾಗಲೂ ಬರಲಿಲ್ಲ. ಸಾಲ ತೀರಿಸಿದ್ದು, ತಂಗಿಯ ಮದುವೆ ಮಾಡಿದ್ದು, ಅಮ್ಮನ ಕಣ್ಣಿನ ಆಪರೇಷನ್ ಮಾಡಿಸಿದ್ದು ಎಲ್ಲ ನಾನೇ. ಈ ಸಲ ಈಸ್ಟರ್ ಮುಗಿದ ಮೇಲೆ ಒಂದು ಸಂಜೆ ಬ್ಯಾಗ್ ಹಿಡಿದು ಬಂದು ಅಂಗಳದಲ್ಲಿ ನಿಂತ. ಅಮ್ಮ ಕೋಳಿ ಕೊಯ್ಯಿಸಿದಳು, ಕೇರಿಗೆಲ್ಲ ಹೇಳಿ ಕಳಿಸಿದಳು. ಮುಂದಿನ ಭಾನುವಾರ ಚರ್ಚಿನಲ್ಲಿ ಕಳೆದುಹೋದ ಕುರಿಯ ಪ್ರಸಂಗ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋಗುವ ದೇವರು ಅಂದರು. ಅಮ್ಮ ಅಳುತ್ತಿದ್ದಳು. ನನಗೆ ಸಿಟ್ಟು ಬಂತು. ಆ ತೊಂಬತ್ತೊಂಬತ್ತರ ಗತಿ ಏನು? ದಾರಿ ತಪ್ಪಿದವರ ಮೇಲೇ ದೇವರಿಗೆ ಜಾಸ್ತಿ ಪ್ರೀತಿ ಅಂತಾದರೆ ಮನೆಯಲ್ಲೇ ಇದ್ದು ದುಡಿದವನು ದಡ್ಡನಾ? ಈಗ ಅಮ್ಮ ಅವನನ್ನು ಬೋಟಿಗೆ ಸೇರಿಸಿಕೋ ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಸಿಟ್ಟು ಬಂದದ್ದರಲ್ಲಿ ತಪ್ಪೇನಿಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಥೆಗಳನ್ನು ಯೇಸು ಹೇಳಿದ್ದೇ ಸಿಟ್ಟು ಬಂದವರಿಗೆ. ಪ್ರಸಂಗ ಮಾಡುವಾಗ ನಾವು ಈ ಸಂಗತಿ ಹಾರಿಸಿ ನೇರ ಕುರಿಗೆ ಹೋಗಿಬಿಡುತ್ತೇವೆ. ಕಾರವಾರದಲ್ಲಿ ಮೂವತ್ತು ವರ್ಷ ಬೈಬಲ್ ಪಾಠ ಹೇಳಿದವನು ನಾನು. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ.

ಮೊದಲ ಎರಡು ವಚನ ನೋಡಿ. ಸುಂಕದವರೂ ಪಾಪಿಗಳು ಅನ್ನಿಸಿಕೊಂಡವರೂ ಯೇಸುವಿನ ಮಾತು ಕೇಳೋದಕ್ಕೆ ಹತ್ತಿರ ಬರುತ್ತಾರೆ. ಫರಿಸಾಯರು ಅನ್ನುವ ಧರ್ಮನಿಷ್ಠರು, ಶಾಸ್ತ್ರಿಗಳು ಗೊಣಗುತ್ತಾರೆ. ಇವನು ಇಂಥವರನ್ನು ಸೇರಿಸಿಕೊಳ್ಳುತ್ತಾನೆ, ಜೊತೆಗೆ ಕೂತು ಊಟ ಬೇರೆ ಮಾಡುತ್ತಾನೆ ಅಂತ. ಕುರಿ, ನಾಣ್ಯ, ಮಗ, ಈ ಮೂರೂ ಕಥೆ ಆ ಗೊಣಗಾಟಕ್ಕೆ ಕೊಟ್ಟ ಉತ್ತರ.

ಗೊಣಗಿದವರನ್ನು ನಾವು ಖಳನಾಯಕರ ಹಾಗೆ ನೋಡುತ್ತೇವೆ. ಅವರು ಹಾಗಿರಲಿಲ್ಲ. ಉಪವಾಸ ಮಾಡುವವರು, ಗಳಿಸಿದ್ದರಲ್ಲಿ ಹತ್ತರಲ್ಲೊಂದು ಪಾಲು ಲೆಕ್ಕ ಹಾಕಿ ದೇವರಿಗೆ ಕೊಡುವವರು. ಊರಲ್ಲಿ ಮರ್ಯಾದೆ ಇದ್ದವರು. ಇನ್ನು ಆ ಸುಂಕದವರೋ, ಪರರ ಆಳ್ವಿಕೆಗೋಸ್ಕರ ತಮ್ಮ ಜನರಿಂದಲೇ ಹಣ ಕಿತ್ತವರು. ಲೆಕ್ಕಕ್ಕಿಂತ ಜಾಸ್ತಿ ಕಿತ್ತು ಜೇಬಿಗೆ ಹಾಕಿಕೊಂಡವರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮಲ್ಲಿ ಗಾದೆಯೇ ಇದೆ. ಉಪ್ಪಿಗೂ ಸುಂಕ ಕಟ್ಟಿದ ಕರಾವಳಿ ನಮ್ಮದು. 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹಕ್ಕೆ ಸುಮ್ನೆ ಬೀದಿಗೆ ಇಳಿಯಲಿಲ್ಲ. ಅಂಥ ಸುಂಕದವರ ಪಂಕ್ತಿಯಲ್ಲಿ ಯೇಸು ಊಟಕ್ಕೆ ಕೂತ ಅಂದರೆ ಮರ್ಯಾದಸ್ಥರಿಗೆ ಹೊಟ್ಟೆ ಉರಿಯದೆ ಇರುತ್ತದಾ?

ಹಾಗಾಗಿ ಆ ಭಾನುವಾರ ಚರ್ಚಿನಲ್ಲಿ ಕಥೆ ಸರಿಯಾದ ಜಾಗಕ್ಕೆ ತಾಗಿದ್ದು ನಿಮಗೇ. ಅಳುತ್ತಿದ್ದವರಿಗಿಂತ ಜಾಸ್ತಿ.

ಈಗ ತೊಂಬತ್ತೊಂಬತ್ತರ ಗತಿಗೆ ಬರೋಣ.

ನನ್ನ ಚಿಕ್ಕಂದಿನ ಮನೆ ಶಿರಸಿಯಿಂದ ಆಚೆ ಒಂದು ಹಳ್ಳಿಯಲ್ಲಿತ್ತು. ಕರಾವಳಿಯವರಾದ ನಿಮಗೆ ಕುರಿ ಗೊತ್ತಿಲ್ಲ, ಮಲೆನಾಡಿನವನಾದ ನನಗೂ ಗೊತ್ತಿಲ್ಲ. ನಮ್ಮ ಮಳೆಗೆ ಕುರಿ ತಾಳುವುದಿಲ್ಲ. ನನಗೆ ಗೊತ್ತಿದ್ದದ್ದು ದನ. ಕೊಟ್ಟಿಗೆಯಲ್ಲಿ ಆರು ಇದ್ದವು, ಎಲ್ಲ ಮಲೆನಾಡು ಗಿಡ್ಡ. ಬೆಳಿಗ್ಗೆ ಬಿಟ್ಟರೆ ಬೆಟ್ಟಕ್ಕೆ ಹೋಗಿ ಮೇಯ್ದು ಸಂಜೆ ತಾವೇ ಮನೆಗೆ ಬರುತ್ತಿದ್ದವು. ಆಷಾಢದ ಒಂದು ಸಂಜೆ ಐದೇ ಬಂದವು.

ಅಜ್ಜಿ ಕೊಟ್ಟಿಗೆ ಬಾಗಿಲಲ್ಲಿ ನಿಂತು ಏನಂದಳು ಗೊತ್ತಾ? "ಒಂದು ಕಡಿಮೆ ಇದೆ" ಅನ್ನಲಿಲ್ಲ. "ಕೆಂಪಿ ಬರಲಿಲ್ಲ" ಅಂದಳು. ಅಜ್ಜಿ ದನ ಎಣಿಸಿದ್ದನ್ನು ನಾನು ನೋಡಿಯೇ ಇಲ್ಲ. ಎಣಿಸುವುದು ಮಾರುವವರ ಕೆಲಸ ಅನ್ನುತ್ತಿದ್ದಳು.

ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಬ್ಯಾಟರಿ ಹಿಡಿದು ಹೊರಟ. ಬೇಡ ಅಂದರೂ ನಾನು ಹಿಂದೆ ಬಿದ್ದೆ. ಮಳೆಯ ಸದ್ದಿನಲ್ಲಿ ಕೊರಳಗಂಟೆ ಕೇಳುವುದಿಲ್ಲ. ಹತ್ತು ಹೆಜ್ಜೆ ನಡೆಯುವುದು, ನಿಲ್ಲುವುದು, ಉಸಿರು ಹಿಡಿದು ಕಿವಿಗೊಡುವುದು, "ಕೆಂಪೀ" ಅಂತ ಕೂಗುವುದು, ಮತ್ತೆ ಹತ್ತು ಹೆಜ್ಜೆ. ಕಾಲ ಬೆರಳ ಸಂದಿಯಲ್ಲೆಲ್ಲ ಉಂಬಳ. ಕೊನೆಗೆ ಯಾರದೋ ತೋಟದ ಅಗಳದಲ್ಲಿ ಸಿಕ್ಕಿತು. ಹೊಟ್ಟೆಯ ತನಕ ಕೆಸರಲ್ಲಿ ಹೂತು ನಿಂತಿತ್ತು. ಬ್ಯಾಟರಿ ಬೆಳಕು ಬಿದ್ದಾಗ ಕಣ್ಣು ಮಾತ್ರ ಹೊಳೆಯಿತು. ಕೂಗಲೂ ಇಲ್ಲ. ಕೊರಳಗಂಟೆಯೊಳಗೆ ಕೆಸರು ತುಂಬಿ, ತಲೆ ಆಡಿಸಿದರೂ ಸದ್ದೇ ಹೊರಡುತ್ತಿರಲಿಲ್ಲ. ಅಪ್ಪ ಮೊದಲು ಮಾಡಿದ್ದು ಏನು ಅಂದರೆ, ಅಗಳಕ್ಕೆ ಇಳಿದು ಬೆರಳು ಹಾಕಿ ಆ ಗಂಟೆಯ ಕೆಸರು ತೆಗೆದದ್ದು. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ದನ ಸಿಕ್ಕಿ ಆಗಿತ್ತಲ್ಲ.

ಆಮೇಲೆ ಕೇರಿಯ ನಾಲ್ಕು ಮಂದಿ ಬಂದರು. ಹಗ್ಗ, ಬಿದಿರು ಗಳ, ಬೈಗುಳ. ಮನೆಗೆ ಬಂದಾಗ ರಾತ್ರಿ ಹತ್ತು ದಾಟಿತ್ತು. ಅಜ್ಜಿ ಅಷ್ಟೂ ಜನರಿಗೆ ಚಹಾ ಮಾಡಿ, ಅವಲಕ್ಕಿ ಬೆಲ್ಲ ಕಲಸಿ ಕೊಟ್ಟಳು. ಒಂದೇ ಗದ್ದಲ, ನಗು. ಆ ನಾಲ್ವರಿಗೆ ನಮ್ಮ ದನದಿಂದ ಒಂದು ಲೋಟ ಹಾಲಿನ ಲಾಭವೂ ಇರಲಿಲ್ಲ. ಆದರೂ ಮಧ್ಯರಾತ್ರಿಯ ತನಕ ಎದ್ದು ಹೋಗಲಿಲ್ಲ.

ಉಳಿದ ಐದು ದನ? ಹುಲ್ಲು ಮೆಲುಕು ಹಾಕುತ್ತಾ ಮಲಗಿದ್ದವು. ಅಪ್ಪನಿಗೆ ಅವುಗಳ ಮೇಲೆ ಪ್ರೀತಿ ಕಡಿಮೆಯಾಗಿತ್ತಾ? ಮಾರನೇ ದಿನ ಅವುಗಳಲ್ಲಿ ಯಾವುದು ಬರದಿದ್ದರೂ ಅಪ್ಪ ಅದೇ ಕೊಪ್ಪೆ ಹಾಕಿಕೊಂಡು ಹೊರಡುತ್ತಿದ್ದ. ಕೆಂಪಿಯನ್ನು ಬಿಟ್ಟು ಬರುವ ಮನುಷ್ಯ ಆಗಿದ್ದರೆ, ಆ ಐದಕ್ಕೂ ಅವನನ್ನು ನಂಬಿ ಮಲಗೋದಕ್ಕೆ ಕಾರಣವೇ ಇರುತ್ತಿರಲಿಲ್ಲ. ಕುರುಬ ತೊಂಬತ್ತೊಂಬತ್ತನ್ನು ಯಾರ ಕೈಗೆ ಒಪ್ಪಿಸಿ ಹೋದ ಅಂತ ಲೂಕ ಬರೆದಿಲ್ಲ, ಅಡವಿಯಲ್ಲಿ ಬಿಟ್ಟು ಹೋದ ಅಂತಷ್ಟೇ ಇದೆ. ಅದರ ಮೇಲೆ ಜನ ಬಹಳ ತರ್ಕ ಮಾಡಿದ್ದಾರೆ. ನನಗೆ ಆ ತರ್ಕ ಅಷ್ಟು ಮುಖ್ಯ ಅನ್ನಿಸಿಲ್ಲ. ತೊಂಬತ್ತೊಂಬತ್ತರ ಭದ್ರತೆ ಇರುವುದೇ ಆ ಒಂದನ್ನು ಅವನು ಬಿಡುವುದಿಲ್ಲ ಅನ್ನುವುದರಲ್ಲಿ.

ನಿಮ್ಮ ಎರಡನೇ ಪ್ರಶ್ನೆಯಲ್ಲಿ ಒಂದು ಸಣ್ಣ ಅದಲುಬದಲು ಆಗಿದೆ. "ಜಾಸ್ತಿ ಪ್ರೀತಿ" ಅಂತ ಬರೆದಿದ್ದೀರಿ. 7ನೇ ವಚನದಲ್ಲಿ ಜಾಸ್ತಿ ಅಂತ ಹೇಳಿರುವುದು ಪ್ರೀತಿಯನ್ನಲ್ಲ, ಸಂತೋಷವನ್ನು. ಎರಡೂ ಒಂದೇ ಅಲ್ಲ. ದಿನಾ ಸಂಜೆ ಬೋಟ್ ದಡಕ್ಕೆ ಬರುತ್ತದೆ, ಯಾರೂ ಪಟಾಕಿ ಹೊಡೆಯುವುದಿಲ್ಲ. ಗಾಳಿ ಎದ್ದ ದಿನ, ಎರಡು ರಾತ್ರಿ ಸುದ್ದಿಯಿಲ್ಲದ ಬೋಟ್ ಅಳಿವೆ ದಾಟಿ ಒಳಗೆ ಬಂದರೆ ದಡದಲ್ಲಿ ಏನಾಗುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅವತ್ತು ಕುಣಿದ ಹೆಂಗಸು ಉಳಿದ ದಿನ ಗಂಡನನ್ನು ಪ್ರೀತಿಸುತ್ತಿರಲಿಲ್ಲವಾ? ಉಳಿದ ದಿನ ಆ ಪ್ರೀತಿ ಮೀನುಸಾರು ಮಾಡಿಕೊಂಡು ಸುಮ್ಮನಿತ್ತು, ಅಷ್ಟೇ.

ಕನ್ನಡದಲ್ಲಿ ನಮಗೆ ಎರಡು ಪದ ಇವೆ. ಕಳೆದುಹೋಗುವುದು, ಕಳೆದುಕೊಳ್ಳುವುದು. ಕುರಿ ಕಳೆದುಹೋಗುತ್ತದೆ, ಕುರುಬ ಕಳೆದುಕೊಳ್ಳುತ್ತಾನೆ. ನಾವು ಈ ಅಧ್ಯಾಯವನ್ನು ಯಾವಾಗಲೂ ಕಳೆದುಹೋದವರ ಕಥೆ ಅಂತ ಓದುತ್ತೇವೆ. ಆ ಕುರಿ ಎಷ್ಟು ಕೆಟ್ಟದ್ದು, ಈ ಮಗ ಎಷ್ಟು ಪೋಲಿ, ಅವನಿಗೆ ಇಷ್ಟು ಮರ್ಯಾದೆ ಯಾಕೆ ಅಂತ. ನಿಮ್ಮ ಸಿಟ್ಟು ಹುಟ್ಟುವುದೂ ಅಲ್ಲೇ. ಯೇಸು ಹೇಳುತ್ತಿರುವುದು ಕಳೆದುಕೊಂಡವನ ಕಥೆ. "ನಿಮ್ಮಲ್ಲಿ ಯಾರಿಗಾದರೂ ನೂರು ಕುರಿ ಇದ್ದು" ಅಂತ ಶುರುವಾಗುತ್ತದೆ. "ಯಾವ ಹೆಂಗಸಿಗಾದರೂ ಹತ್ತು ನಾಣ್ಯ ಇದ್ದು" ಅಂತ ಎರಡನೆಯದು. "ಒಬ್ಬ ಮನುಷ್ಯನಿಗೆ ಇಬ್ಬರು ಮಕ್ಕಳು" ಅಂತ ಮೂರನೆಯದು. ಮೂರರಲ್ಲೂ ಮೊದಲು ಬರುವುದು ಯಜಮಾನ. ಹಬ್ಬ ನಡೆಯುವುದು ಕುರಿಯ ಯೋಗ್ಯತೆಗಲ್ಲ, ಕುರುಬನ ಸಂಕಟ ನಿಂತದ್ದಕ್ಕೆ. ನಿಮ್ಮ ಅಮ್ಮ ಕೊಯ್ಯಿಸಿದ ಕೋಳಿ ತಮ್ಮನಿಗೆ ಕೊಟ್ಟ ಬಹುಮಾನ ಅಲ್ಲ. ಒಂಬತ್ತು ವರ್ಷ ಆಕೆ ಯಾರಿಗೂ ಹೇಳದೆ ಹೊತ್ತ ಒಂದು ಭಾರವನ್ನು ಅವತ್ತು ಕೆಳಗಿಟ್ಟಳು.

ದೇವರ ವಿಷಯದಲ್ಲಿ ಇದನ್ನು ಹೇಳೋದಕ್ಕೆ ನಮಗೆ ಸ್ವಲ್ಪ ಅಂಜಿಕೆ. ದೇವರಿಗೆ ಏನು ಕಡಿಮೆ, ಅವನೇನು ಕಳೆದುಕೊಳ್ಳುತ್ತಾನೆ ಅಂತ. ಆದರೆ ಬೈಬಲ್ ಅಂಜುವುದಿಲ್ಲ. ಆದಿಕಾಂಡದಲ್ಲಿ ದೇವರು ಮನುಷ್ಯನಿಗೆ ಕೇಳುವ ಮೊದಲ ಪ್ರಶ್ನೆಯೇ "ಎಲ್ಲಿದ್ದೀಯ?" ಅಂತ. ತೋಟದಲ್ಲಿ ಮರಗಳ ಮಧ್ಯೆ ಅಡಗಿದವನನ್ನು ಕರೆಯುವ ಪ್ರಶ್ನೆ. ಯೆಹೆಜ್ಕೇಲನ 34ನೇ ಅಧ್ಯಾಯದಲ್ಲಿ ಕಾಯಬೇಕಾದವರು ಹಿಂಡನ್ನು ತಿಂದು ತೇಗಿದಾಗ, ನಾನೇ ಹೋಗಿ ನನ್ನ ಕುರಿಗಳನ್ನು ಹುಡುಕುತ್ತೇನೆ ಅಂತ ದೇವರು ಹೇಳುತ್ತಾನೆ. ಯೇಸುವಿನ ಕುರುಬ ಆ ಮಾತಿನಿಂದ ಎದ್ದು ಬಂದವನು. ಮುಂದೆ ಯೆರಿಕೋದಲ್ಲಿ ಮುಖ್ಯ ಸುಂಕದವನಾದ ಜಕ್ಕಾಯನ ಮನೆಗೆ ಉಳಿಯೋದಕ್ಕೆ ಹೋದಾಗಲೂ ಜನ ಮತ್ತೆ ಗೊಣಗುತ್ತಾರೆ. ಕಳೆದುಹೋದದ್ದನ್ನು ಹುಡುಕಿ ಉಳಿಸೋದಕ್ಕೇ ನಾನು ಬಂದದ್ದು ಅಂತ ಯೇಸು ಅಲ್ಲಿ ಬಾಯಿಬಿಟ್ಟು ಹೇಳುತ್ತಾನೆ.

ಕಳೆದುಹೋದವನಿಗೆ ಎಷ್ಟೋ ಸಲ ತಾನು ಕಳೆದುಹೋಗಿದ್ದೇನೆ ಅಂತ ಗೊತ್ತೇ ಇರುವುದಿಲ್ಲ. ಇದಕ್ಕೆ ನಾನೇ ಸಾಕ್ಷಿ.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಯಾವ ಜಾತಿ ಯಾವ ಮತ ಅಂತಿಲ್ಲ, ಜಾತ್ರೆ ಪೇಟೆಗೆ ಎಲ್ಲರೂ ಹೋಗುತ್ತಾರೆ. ನಮ್ಮ ಮನೆಯವರೂ ಹೋಗಿದ್ದರು. ನನಗೆ ಏಳು ವರ್ಷ. ಬಿಡಕಿಬೈಲಿನ ಹತ್ತಿರ ಅಮ್ಮ ಬಳೆ ಅಂಗಡಿಯಲ್ಲಿ ಕೈ ಚಾಚಿ ಕೂತಿದ್ದಳು. ನಾನು ಸೆರಗು ಬಿಟ್ಟು, ಬಾವಿಯಂಥ ಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವ ಟೆಂಟಿನ ಮುಂದೆ ಹೋಗಿ ನಿಂತೆ. ಹೊರಗೇ ಒಬ್ಬ ಗಾಡಿಯನ್ನು ನಿಲ್ಲಿಸಿ ಬರೀ ಎಕ್ಸಲೇಟರ್ ತಿರುವುತ್ತಿದ್ದ. ಆ ಹೊಗೆ, ಆ ಸದ್ದು, ಸ್ವರ್ಗ. ಎಷ್ಟು ಹೊತ್ತು ನಿಂತೆನೋ. ಮೈಕಿನಲ್ಲಿ ಹೇಳುತ್ತಿದ್ದರು: "ಹಸಿರು ಅಂಗಿ, ಖಾಕಿ ಚಡ್ಡಿ, ಏಳು ವರ್ಷದ ಹುಡುಗ, ಎಡಗೈಗೆ ಕರಿ ದಾರ..." ನನಗೆ ಕೇಳಿಸಿತು. ಪಾಪ, ಯಾವುದೋ ಹುಡುಗ ಕಳೆದುಹೋಗಿದ್ದಾನೆ ಅಂದುಕೊಂಡೆ. ಮೂರನೇ ಸಲ ಹೇಳಿದಾಗ ಪಕ್ಕದ ಕಬ್ಬಿನಹಾಲಿನ ಅಂಗಡಿಯವನು ನನ್ನ ಅಂಗಿ ನೋಡಿದ, ಕೈ ನೋಡಿದ, ಗಾಣ ನಿಲ್ಲಿಸಿ ಬಂದು ರಟ್ಟೆ ಹಿಡಿದ. ನಾನು ಅತ್ತದ್ದು ಆಗ. ಕಳೆದುಹೋದದ್ದಕ್ಕಲ್ಲ, ಯಾರೋ ಹಿಡಿದರಲ್ಲ ಅಂತ.

ಚಪ್ಪರದ ಕೆಳಗೆ ಅಮ್ಮ ಮೊದಲು ಬೆನ್ನಿಗೊಂದು ಬಾರಿಸಿ ಆಮೇಲೆ ಅಪ್ಪಿಕೊಂಡಳು. ಮೈಕಿನವನು "ಸಿಕ್ಕಿದ, ಸಿಕ್ಕಿದ" ಅಂತ ಕೂಗಿದ್ದೇ ತಡ, ಅಲ್ಲಿ ನಿಂತಿದ್ದ ಗುರುತು ಪರಿಚಯ ಇಲ್ಲದ ಜನ ನಗತೊಡಗಿದರು. ಯಾರೋ ಒಂದು ಮುಷ್ಟಿ ಬೆಂಡು ಬತ್ತಾಸು ಕೈಗೆ ಹಾಕಿದರು. ನನಗೆ ಈಗ ಅರವತ್ತಾರು. ಆ ಜನ ಯಾಕೆ ನಕ್ಕರು ಅಂತ ಯೋಚನೆ ಮಾಡುತ್ತಲೇ ಇದ್ದೇನೆ. ಹುಡುಗ ಅವರ ಮಗನಲ್ಲ. ಆದರೆ ಅರ್ಧ ಗಂಟೆ ಒಬ್ಬ ತಾಯಿಯ ಮುಖ ನೋಡುತ್ತಾ ನಿಂತಿದ್ದರು. ಕಳೆದುಕೊಂಡವರ ಮುಖ ನೋಡಿದವರಿಗೆ ಸಿಕ್ಕಿದ್ದರ ಖುಷಿ ತಾನಾಗಿ ಬರುತ್ತದೆ.

ನೀವು ಒಂಬತ್ತು ವರ್ಷ ಅಮ್ಮನ ಜೊತೆಗೇ ಇದ್ದಿರಿ. ಆಕೆಯ ಆ ಮುಖ ನೋಡಿದ್ದೀರಾ? ದೂರು ಅಂತ ಕೇಳುತ್ತಿಲ್ಲ. ಸಾಲ, ಡೀಸೆಲ್, ಮದುವೆ, ಆಸ್ಪತ್ರೆ ಇವುಗಳ ಮಧ್ಯೆ ಅಮ್ಮನ ಮುಖ ನೋಡುವ ಪುರುಸೊತ್ತು ಯಾರಿಗಿರುತ್ತದೆ? ಬಹುಶಃ ಆಕೆಯೂ ನಿಮ್ಮ ಮುಂದೆ ತೋರಿಸಿರಲಿಕ್ಕಿಲ್ಲ, ಇವನಿಗೆ ಇರುವ ಭಾರವೇ ಸಾಕು ಅಂತ.

ನಾಣ್ಯದ ಕಥೆ ಬೇಗ ಮುಗಿಸುತ್ತೇನೆ. ಹತ್ತರಲ್ಲಿ ಒಂದು ನಾಣ್ಯ ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ ಹುಡುಕುತ್ತಾಳೆ. ಅದು ದ್ರಾಕ್ಮ ಅನ್ನುವ ಬೆಳ್ಳಿ ನಾಣ್ಯ, ಒಬ್ಬ ಕೂಲಿಯವನ ಒಂದು ದಿನದ ಸಂಬಳದಷ್ಟು. ಆ ಕಾಲದ ಬಡವರ ಮನೆಗೆ ಕಿಟಕಿ ಅಂದರೆ ಹೆಸರಿಗೆ ಒಂದು ಕಂಡಿ. ಅದಕ್ಕೇ ಹಗಲಾದರೂ ದೀಪ ಹಚ್ಚಬೇಕು. ನಮ್ಮ ಕಡೆ ಕರಿಮಣಿ ಹರಿದು ಒಂದು ಗುಂಡು ಸೆಗಣಿ ನೆಲದ ಬಿರುಕಿಗೆ ಬಿದ್ದರೆ ಹೆಂಗಸರು ಹುಡುಕುತ್ತಾರಲ್ಲ, ಅದೇ. ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಒಂದೇ: ದೇವರನ್ನು ತೋರಿಸೋದಕ್ಕೆ ಯೇಸು ಸೆರಗು ಸಿಕ್ಕಿಸಿ ಕಸ ಗುಡಿಸುವ ಹೆಂಗಸನ್ನು ತಂದು ನಿಲ್ಲಿಸಿದ. ಮತ್ತೆ, ನಾಣ್ಯ ಕಳೆದದ್ದು ಕಾಡಲ್ಲಲ್ಲ, ಮನೆಯೊಳಗೇ.

ಮೂರನೇ ಕಥೆ ನಿಮ್ಮದು. ಇಲ್ಲಿ ನಿಧಾನ ಮಾಡುತ್ತೇನೆ.

ಕಿರಿಯ ಮಗ ಪಾಲು ಕೇಳುತ್ತಾನೆ. ಅಪ್ಪ ಬದುಕಿರುವಾಗಲೇ. ಧರ್ಮೋಪದೇಶಕಾಂಡದ ಪ್ರಕಾರ ಹಿರಿಮಗನಿಗೆ ಎರಡು ಪಾಲು, ಅಂದರೆ ಇಬ್ಬರಿದ್ದರೆ ಕಿರಿಯವನಿಗೆ ಮೂರರಲ್ಲೊಂದು. ಅಪ್ಪ ಇಬ್ಬರಿಗೂ ಆಸ್ತಿ ಹಂಚಿದ ಅಂತ ಲೂಕ ಬರೆಯುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಿರಿಯವನು ದೂರದೇಶಕ್ಕೆ ಹೋಗಿ ದುಡ್ಡು ಕರಗಿಸುತ್ತಾನೆ, ಬರಗಾಲ ಬರುತ್ತದೆ, ಹಂದಿ ಕಾಯುವ ಕೆಲಸಕ್ಕೆ ನಿಲ್ಲುತ್ತಾನೆ. ಯೆಹೂದ್ಯನಿಗೆ ಅದಕ್ಕಿಂತ ಕೆಳಗೆ ಇಳಿಯೋದಕ್ಕೆ ಜಾಗ ಇಲ್ಲ. ಇಲ್ಲಿ ಹಸಿವೆಯಿಂದ ಸಾಯುತ್ತಿದ್ದೇನೆ ಅನ್ನುತ್ತಾನೆ. ಲೂಕ ಬರೆದ ಗ್ರೀಕ್ ಭಾಷೆಯಲ್ಲಿ ಆ ಸಾಯುವುದಕ್ಕೂ, ಕುರಿ ನಾಣ್ಯ ಮಗ ಕಳೆದುಹೋಗುವುದಕ್ಕೂ ಪದ ಒಂದೇ. ಹಾಳಾಗುವುದು ಅನ್ನುವ ಅರ್ಥವೂ ಅದಕ್ಕಿದೆ.

ಅವನು ದಾರಿಯಲ್ಲಿ ಹೇಳಬೇಕಾದ ಮಾತು ಬಾಯಿಪಾಠ ಮಾಡಿಕೊಂಡು ಬರುತ್ತಾನೆ. ಪಾಪ ಮಾಡಿದೆ; ಮಗ ಅನ್ನಿಸಿಕೊಳ್ಳೋದಕ್ಕೆ ಲಾಯಕ್ಕಲ್ಲ; ನಿನ್ನ ಕೂಲಿಯವರಲ್ಲಿ ಒಬ್ಬನಾಗಿ ಇಟ್ಟುಕೋ. ಇನ್ನೂ ದೂರ ಇರುವಾಗಲೇ ಅಪ್ಪ ನೋಡುತ್ತಾನೆ, ಓಡುತ್ತಾನೆ. ದೊಡ್ಡ ಮನೆಯ ಹಿರಿಯರು ಓಡುವುದಿಲ್ಲ, ನಮ್ಮಲ್ಲೂ ಇಲ್ಲ, ಅಲ್ಲೂ ಇರಲಿಲ್ಲ. ಮಗ ಪಾಠ ಒಪ್ಪಿಸೋದಕ್ಕೆ ಶುರು ಮಾಡುತ್ತಾನೆ. ಮೊದಲ ಎರಡು ಮಾತು ಹೇಳುತ್ತಾನೆ. ಮೂರನೆಯದು, ಆ ಕೂಲಿಯ ಮಾತು, ಬಾಯಿಂದ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ಅಂಗಿ ತನ್ನಿ, ಉಂಗುರ ತನ್ನಿ, ಚಪ್ಪಲಿ ತನ್ನಿ, ಕೊಬ್ಬಿಸಿದ ಕರು ಕೊಯ್ಯಿರಿ, ಹಬ್ಬ ಮಾಡೋಣ ಅನ್ನುತ್ತಿರುತ್ತಾನೆ. ಬೇಕಾದರೆ 19ನೇ ವಚನವನ್ನೂ 21ನೇ ವಚನವನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಈಗ ಹಿರಿಮಗ. ಹೊಲದಿಂದ ಬರುತ್ತಾನೆ, ವಾದ್ಯದ ಸದ್ದು ಕೇಳುತ್ತದೆ. ಒಳಗೆ ಹೋಗಿ ಏನು ಅಂತ ನೋಡುವುದಿಲ್ಲ. ಆಳನ್ನು ಕರೆದು ವಿಚಾರಿಸುತ್ತಾನೆ. ತನ್ನದೇ ಮನೆ! ಅಪ್ಪ ಹೊರಗೆ ಬಂದು ಬೇಡಿಕೊಂಡಾಗ ಅವನು ಹೇಳುವ ಮೊದಲ ಮಾತು, ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ, ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತ. ಕಿರಿಯವನು ಕೂಲಿಯವನಾಗಿ ಸೇರಿಕೊಳ್ಳೋದಕ್ಕೆ ಬಂದ. ಹಿರಿಯವನು ಇಷ್ಟು ವರ್ಷ ಕೂಲಿಯವನಾಗಿಯೇ ಇದ್ದ. ಅಪ್ಪನಿಗೆ ಇಬ್ಬರಲ್ಲಿ ಒಬ್ಬನೂ ಕೂಲಿಯವನಾಗಿ ಬೇಕಿರಲಿಲ್ಲ.

ಇನ್ನೊಂದು ಸೂಕ್ಷ್ಮ. ವೇಶ್ಯೆಯರ ಜೊತೆ ದುಡ್ಡು ತಿಂದುಹಾಕಿದ ಅಂತ ಅಣ್ಣ ಆರೋಪ ಮಾಡುತ್ತಾನೆ. ಕಥೆಯಲ್ಲಿ ಅದಕ್ಕೆ ಮೊದಲು ದುಂದು ಮಾಡಿದ ಅಂತಷ್ಟೇ ಇದೆ. ಹೊಲದಲ್ಲಿದ್ದವನಿಗೆ ವೇಶ್ಯೆಯರ ಸುದ್ದಿ ಯಾರು ಹೇಳಿದರು? ರಾತ್ರಿ ನಿದ್ದೆ ಬಾರದೆ ಮಲಗಿದಾಗ ನಾವೇ ಹೇಳಿಕೊಳ್ಳುವ ಸುದ್ದಿಗಳಿವೆಯಲ್ಲ, ಅಂಥದ್ದು. ಗೋವಾದಲ್ಲಿ ನಿಮ್ಮ ತಮ್ಮ ಏನು ಮಾಡಿದ ಅಂತ ನೀವು ಒಂಬತ್ತು ವರ್ಷದಲ್ಲಿ ಎಷ್ಟು ಕಥೆ ಕಟ್ಟಿರಬೇಕು! ಅವನನ್ನು ಕೇಳಿದ್ದೀರಾ? ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ಪತ್ರದಲ್ಲಿ ಇನ್ನೊಂದು ಪದವೂ ಇಲ್ಲ. ಅವನನ್ನು ನೀವು "ಅಮ್ಮನ ಕಿರಿ ಮಗ" ಅಂತ ಬರೆದಿದ್ದೀರಿ. ತಮ್ಮ ಅಂತ ಎಲ್ಲೂ ಬರೆದಿಲ್ಲ. ಕಥೆಯ ಅಣ್ಣನೂ "ಈ ನಿನ್ನ ಮಗ" ಅನ್ನುತ್ತಾನೆ. ಅಪ್ಪ ಜಗಳ ಆಡುವುದಿಲ್ಲ. "ಮಗಾ, ನೀನು ಯಾವಾಗಲೂ ನನ್ನ ಜೊತೆ ಇದ್ದೀಯ, ನನ್ನದೆಲ್ಲ ನಿನ್ನದೇ" ಅಂತ ಹೇಳಿ, "ಈ ನಿನ್ನ ತಮ್ಮ" ಅಂತ ಮೆತ್ತಗೆ ತಿದ್ದುತ್ತಾನೆ.

ನನ್ನದೆಲ್ಲ ನಿನ್ನದೇ ಅನ್ನುವುದು ಬರೀ ಸಮಾಧಾನದ ಮಾತಲ್ಲ. ಪಾಲು ಆಗಲೇ ಆಗಿತ್ತು ಅಂದೆನಲ್ಲ. ಕಿರಿಯವನದ್ದು ಮುಗಿದಿತ್ತು, ಉಳಿದದ್ದೆಲ್ಲ ಹಿರಿಯವನಿಗೆ ಸೇರಬೇಕಾದದ್ದು. ಆ ಕೊಬ್ಬಿಸಿದ ಕರುವೂ ಕೂಡ. ಅಂದರೆ ಹಬ್ಬ ನಡೆದದ್ದು ಅಣ್ಣನ ಖರ್ಚಿನಲ್ಲಿ. ಅವನ ಸಿಟ್ಟಿಗೆ ಬುಡ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ನಿಮ್ಮ ಮನೆಯ ಕೋಳಿಯೂ ನೀವು ದುಡಿದ ದುಡ್ಡಿನದ್ದೇ. ತಪ್ಪಿಹೋದವರು ಮನೆಗೆ ಬಂದರೆ ಯಾರಿಗಾದರೂ ಅದರ ಖರ್ಚು ಬೀಳುತ್ತದೆ, ಸಾಮಾನ್ಯವಾಗಿ ಮನೆಯಲ್ಲಿದ್ದವರಿಗೆ. ಪ್ರಸಂಗದಲ್ಲಿ ಇದನ್ನು ಹೇಳದೆ ಬರೀ ಅಳಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಗೆ ನೋಡಿದರೆ ಅಪ್ಪ ಅವತ್ತು ಎರಡು ಸಲ ಮನೆಯಿಂದ ಹೊರಗೆ ಬಂದ. ಒಂದು ಸಲ ಓಡಿಕೊಂಡು, ಇನ್ನೊಂದು ಸಲ ಬಡಿಸುತ್ತಿದ್ದ ಪಂಕ್ತಿ ಬಿಟ್ಟು. ಎರಡನೆಯದು ಯಾರಿಗೋಸ್ಕರ? ನೀವು ಹೊರಗೆ ನಿಂತಾಗ ದೇವರು ಒಳಗೆ ಹಬ್ಬದಲ್ಲಿ ಮುಳುಗಿ ನಿಮ್ಮನ್ನು ಮರೆತಿರುತ್ತಾನೆ ಅಂತ ನಿಮಗೆ ಅನ್ನಿಸಿದ್ದರೆ, ಕಥೆ ಹಾಗೆ ಹೇಳುವುದಿಲ್ಲ.

ಅಣ್ಣ ಒಳಗೆ ಹೋದನೋ ಇಲ್ಲವೋ ಅಂತ ಯೇಸು ಹೇಳದೆ ನಿಲ್ಲಿಸಿಬಿಡುತ್ತಾನೆ. ಗೊಣಗುತ್ತಿದ್ದವರು ಎದುರಿಗೇ ನಿಂತಿದ್ದರು, ಅವರೇ ಹೇಳಬೇಕು. ಬೈಬಲಿನಲ್ಲಿ ಪ್ರವಾದಿ ಯೋನನ ಪುಸ್ತಕವೂ ಹೀಗೇ ಮುಗಿಯುತ್ತದೆ. ಸಮುದ್ರದವರಿಗೆ ಯೋನನನ್ನು ಪರಿಚಯ ಮಾಡಿಸಬೇಕಾಗಿಲ್ಲ. ಬಿರುಗಾಳಿ, ಹಡಗು, ಮೀನು ಎಲ್ಲ ನಮಗೆ ನೆನಪಿರುತ್ತದೆ. ಕೊನೆಯ ಅಧ್ಯಾಯ ಯಾರೂ ಓದುವುದಿಲ್ಲ. ನಿನೆವೆ ಪಟ್ಟಣವನ್ನು ದೇವರು ಕ್ಷಮಿಸಿದ ಅಂತ ಯೋನನಿಗೆ ಸಾಯುವಷ್ಟು ಸಿಟ್ಟು. ನೆರಳು ಕೊಟ್ಟ ಒಂದು ಬಳ್ಳಿ ಒಣಗಿದ್ದಕ್ಕೆ ಮರುಗುತ್ತಾ ಕೂತಿದ್ದಾನೆ. ಎಡಗೈ ಬಲಗೈ ಗೊತ್ತಿಲ್ಲದ 1,20,000ಕ್ಕಿಂತ ಜಾಸ್ತಿ ಜನ, ಅಷ್ಟು ದನಕರು ಇರುವ ಊರಿಗೆ ನಾನು ಮರುಗಬಾರದಾ ಅಂತ ದೇವರು ಕೇಳುತ್ತಾನೆ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನನ ಉತ್ತರ ಬರೆದಿಲ್ಲ. ದನಕರುಗಳನ್ನೂ ದೇವರು ಲೆಕ್ಕಕ್ಕೆ ಹಿಡಿದದ್ದು ಓದಿದಾಗೆಲ್ಲ ನನಗೆ ಅಜ್ಜಿಯ ಕೆಂಪಿ ನೆನಪಾಗುತ್ತದೆ.

ಉಳಿದದ್ದು ಬೋಟಿನ ಪ್ರಶ್ನೆ. ಇಲ್ಲಿ ನಾನು ಭಕ್ತಿಯ ಮಾತು ಹೇಳಿ ಜಾರಿಕೊಳ್ಳುವುದಿಲ್ಲ.

ಮನೆಗೆ ಸೇರಿಸಿಕೊಳ್ಳುವುದು ಬೇರೆ, ಲೆಕ್ಕ ಬೇರೆ. ಕಥೆಯ ಅಪ್ಪ ಕಿರಿಯವನಿಗೆ ಅಂಗಿ, ಉಂಗುರ, ಚಪ್ಪಲಿ, ಊಟ ಕೊಟ್ಟ. ಆಸ್ತಿಯನ್ನು ಮತ್ತೆ ಪಾಲು ಮಾಡಿದ ಅಂತ ಎಲ್ಲೂ ಇಲ್ಲ. ನನ್ನದೆಲ್ಲ ನಿನ್ನದೇ ಅಂತ ಹಿರಿಯವನಿಗೇ ಹೇಳಿದ. ಹಾಗಾಗಿ ತಮ್ಮ ಬಂದ ಅಂತ ಬೋಟಿನ ಕಾಗದಪತ್ರದಲ್ಲಿ ಅವನ ಹೆಸರು ಸೇರಿಸಿ ಅಂತ ನಾನು ಹೇಳುವುದಿಲ್ಲ. ತನ್ನ ಪಾಲು ಅವನು ತೆಗೆದುಕೊಂಡಾಗಿದೆ. ಅಮ್ಮನಿಗೂ ಇದನ್ನು ಸಿಟ್ಟಿಲ್ಲದ ಹೊತ್ತಿನಲ್ಲಿ ಹೇಳಿ, ಅರ್ಥ ಮಾಡಿಕೊಳ್ಳುತ್ತಾಳೆ. ಬೋಟಿನಲ್ಲಿ ಕೆಲಸ ಕೊಡುವುದು ಬೇರೆ ಮಾತು. ಕೊಟ್ಟರೆ ಉಳಿದವರಿಗೆ ಕೊಡುವಷ್ಟೇ ಪಾಲು ಕೊಡಿ, ದಯೆಗೆ ಅಂತ ಜಾಸ್ತಿಯೂ ಬೇಡ, ಶಿಕ್ಷೆಗೆ ಅಂತ ಕಡಿಮೆಯೂ ಬೇಡ. ನಂಬಿಕೆ ಬರೋದಕ್ಕೆ ಒಂದೆರಡು ಸೀಸನ್ ಬೇಕು. ಬೇಕಾದಷ್ಟು ಸಮಯ ತೆಗೆದುಕೊಳ್ಳಿ. ಊಟಕ್ಕೆ ಮಾತ್ರ ಅಷ್ಟು ದಿನ ಕಾಯಬೇಡಿ, ಒಂದೇ ಪಂಕ್ತಿಯಲ್ಲಿ ಕೂರಿ.

ಜಕ್ಕಾಯನ ಲೆಕ್ಕವೂ ಹಾಗೇ ಆಯಿತು. ಯೇಸು ಅವನ ಮನೆಗೆ ಹೋಗೋದಕ್ಕೆ ಮೊದಲು ಕದ್ದ ದುಡ್ಡು ವಾಪಸ್ ಕೊಡು ಅನ್ನಲಿಲ್ಲ. ಮನೆಗೆ ಬರುತ್ತೇನೆ ಅಂದ. ಆಮೇಲೆ ಜಕ್ಕಾಯನೇ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ಒಂದಕ್ಕೆ ನಾಲ್ಕರಷ್ಟು ವಾಪಸ್ ಅಂದ. ನಿಮ್ಮ ತಮ್ಮ ಹಾಗೆ ಎದ್ದು ನಿಲ್ಲುತ್ತಾನೆ ಅಂತ ನಾನು ಭರವಸೆ ಕೊಡಲಾರೆ. ಅಪ್ಪನ ಸಮಾಧಿಯ ಹತ್ತಿರ ಅವನನ್ನು ಒಬ್ಬನೇ ಕಳಿಸಬೇಡಿ, ಜೊತೆಗೆ ಹೋಗಿ. ಅಲ್ಲಿ ಏನಾದರೂ ಮಾತು ಬಂದರೆ ಬರಲಿ. ಬಾರದಿದ್ದರೂ ಬೇಜಾರಿಲ್ಲ.

ಖುಷಿ ಬರಲಿಲ್ಲ ಅಂತ ಕೊರಗಬೇಡಿ. ಖುಷಿಯನ್ನು ಬಾ ಅಂದರೆ ಬರುವುದಿಲ್ಲ. ನನ್ನ ಅಪ್ಪ ಕೆಂಪಿಯನ್ನು ಎಳೆದು ತಂದ ರಾತ್ರಿ ಬಂದ ನಾಲ್ವರಲ್ಲಿ ಒಬ್ಬನಿಗೂ ಅಪ್ಪನಿಗೂ ಬೇಲಿ ಜಗಳ ಇತ್ತು, ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅವನು ಖುಷಿಯಿಂದ ಬಂದದ್ದಲ್ಲ. ಕೂಗು ಕೇಳಿತು, ಹಗ್ಗ ಹಿಡಿದು ಬಂದ. ಒಂದು ತುದಿ ಅವನು ಎಳೆದ, ಇನ್ನೊಂದು ತುದಿ ಅಪ್ಪ ಎಳೆದ. ಅವಲಕ್ಕಿ ತಿನ್ನುವ ಹೊತ್ತಿಗೆ ಇಬ್ಬರೂ ಮಾತಾಡುತ್ತಿದ್ದರು. ಬೇಲಿ ಎಲ್ಲಿತ್ತೋ ಅಲ್ಲೇ ಉಳಿಯಿತು.

ಈಗ ಮಳೆಗಾಲದ ಮೀನುಗಾರಿಕೆ ನಿಷೇಧ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಬೋಟ್ ದಡದಲ್ಲಿ. ಹರಿದ ಬಲೆ ಸರಿಮಾಡುವ ಕಾಲ ಇದೇ. ಬಲೆಯ ಒಂದು ತುದಿ ಅವನ ಕೈಗೆ ಕೊಟ್ಟು ಎದುರಿಗೆ ಕೂರಿ. ಬಲೆ ಕೆಲಸದಲ್ಲಿ ಮುಖ ನೋಡಬೇಕಾಗಿಲ್ಲ, ಕಣ್ಣು ಕೆಲಸದ ಮೇಲಿರುತ್ತದೆ. ಮುಂದೆ ಯೇಸುವಿನ ಶಿಷ್ಯರಾದ ಯಾಕೋಬ, ಯೋಹಾನ ಅಣ್ಣತಮ್ಮಂದಿರು ಯೇಸುವಿನ ಕಣ್ಣಿಗೆ ಮೊದಲು ಬಿದ್ದದ್ದೂ ದೋಣಿಯಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದಾಗಲೇ. ಆಗಸ್ಟ್ 1ಕ್ಕೆ ಬೋಟ್ ನೀರಿಗೆ ಇಳಿಯುವಾಗ ಅವನು ಹತ್ತಿದನೋ ದಡದಲ್ಲೇ ನಿಂತನೋ ಒಂದು ಸಾಲು ಬರೆಯಿರಿ. ಈ ಸಲ ಅವನ ಹೆಸರು ಹಾಕಿ.